ತೊಳೆಯಬಾರದ ದ್ರಾಕ್ಷಿ

ಬೇಲಿಯ ಈಚೆ

ಐರ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು. ನಾನು ನೋಡಿದ್ದು ಒಂದು ಬೇಲಿ, ಬೇಲಿಯ ಆಚೆ ಒಂದು ಇಳಿಜಾರು ಹೊಲ, ಆ ಹೊಲದ ಮೇಲೆ ಬಾಯಿ ಬಿಡದೆ ಜಗಳವಾಡುತ್ತಿದ್ದ ಇಬ್ಬರು ಅಣ್ಣತಮ್ಮಂದಿರು. ಸಮುದ್ರ ಹತ್ತಿರವೇ ಇತ್ತಂತೆ. ಐದು ಕಿಲೋಮೀಟರ್ ದಾಟಬಾರದು ಎಂದು ಅಲ್ಲಿನ ಸರ್ಕಾರ ಹೇಳಿತ್ತು, ಸಮುದ್ರ ಆರನೆಯದರಲ್ಲಿತ್ತು. ನಡುವೆ ಸಡಿಲಿಸಿದ ದಿನಗಳಲ್ಲಿ ಮಳೆ ಬಿಡಲಿಲ್ಲ.

ನಾನು ಹೋದದ್ದು ಮಗಳು ಶೋಭಾಳ ಎರಡನೇ ಬಾಣಂತನಕ್ಕೆ. ಅವಳು ವಾಟರ್‌ಫರ್ಡಿನ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮಂಜುನಾಥನದು ದೂರದ ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿರುವ ಒಂದು ಕಂಪ್ಯೂಟರ್ ಕಂಪನಿ. ಕೊರೋನಾ ಬಂದ ಮೇಲೆ ಮನೆಯ ಮೂಲೆಯಲ್ಲೇ ಕೂತು ಕೆಲಸ. ಅವನು ನನ್ನ ತಮ್ಮನ ಮಗ. ಚಡ್ಡಿ ಹಾಕದ ಕಾಲದಿಂದ ನೋಡಿದವನನ್ನು ಅಳಿಯಂದಿರೇ ಎಂದು ಕರೆಯಲು ನನ್ನಿಂದಾಗಲಿಲ್ಲ. ಮಂಜ ಎಂದೇ ಕರೆಯುತ್ತೇನೆ.

ಮಗು ಹುಟ್ಟಿತು, ವಿಮಾನ ನಿಂತಿತು. ಮೂರು ತಿಂಗಳಿಗೆಂದು ಹೋದವಳು ಮಗುವಿಗೆ ಹಲ್ಲು ಬಂದರೂ ಅಲ್ಲೇ ಇದ್ದೆ. ಬಾಣಂತನ ಎಂದರೆ ಮೈಗೆ ಎಣ್ಣೆ, ತಲೆಗೆ ಬಿಸಿನೀರು, ಆಮೇಲೆ ಸಾಂಬ್ರಾಣಿ. ಸಾಂಬ್ರಾಣಿ ಹಾಕಿದ ಮೊದಲ ದಿನವೇ ಚಾವಣಿಗೆ ಅಂಟಿಸಿದ್ದ ಒಂದು ಬಿಳಿ ಡಬ್ಬಿ ಕೂಗಿಕೊಂಡು ಮಗುವನ್ನೂ ಬೀದಿಯನ್ನೂ ಎಬ್ಬಿಸಿತು. ದೊಡ್ಡ ಮೊಮ್ಮಗಳು ಕಿವಿ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಅಜ್ಜಿಯನ್ನು ವಾಪಸ್ ಕಳಿಸಿ ಎಂದಳಂತೆ. ಕಳಿಸುವುದಕ್ಕೆ ವಿಮಾನ ಎಲ್ಲಿತ್ತು?

ಶೋಭಾ ಮತ್ತೆ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ನಮ್ಮ ಮನೆಯಲ್ಲಿ ತೊಳೆಯುವ ಕೆಲಸವೇ ದೊಡ್ಡದಾಯಿತು. ಅವಳು ಪಕ್ಕದ ಬಾಗಿಲಿನಿಂದ ಬಂದು, ಬಟ್ಟೆ ಅಲ್ಲೇ ಬಿಟ್ಟು, ಸ್ನಾನ ಮಾಡಿ ಆಮೇಲೆ ಮಗುವನ್ನು ಮುಟ್ಟಬೇಕು. ಹಾಲಿನ ಡಬ್ಬಿ ತೊಳೆದೆವು, ಬಾಗಿಲ ಚಿಲಕ ತೊಳೆದೆವು. ತರಕಾರಿ, ಹಣ್ಣು ಎಲ್ಲ ಅರಿಶಿನ ಉಪ್ಪಿನ ನೀರಿನಲ್ಲಿ ಮುಳುಗಿ ಎದ್ದೇ ಅಡುಗೆಮನೆಗೆ ಬರಬೇಕು. ಅದು ನನ್ನ ಕಾನೂನು.

ಬೇಲಿಯ ಆಚೆ

ಹಿತ್ತಲಲ್ಲಿ ಬಟ್ಟೆ ಒಣಗಿಸುವಾಗ ಬೇಲಿಯ ಸಂದಿನಿಂದ ಬಳ್ಳಿ ಕಂಡಿತು. ದ್ರಾಕ್ಷಿ ಎಲೆಯನ್ನು ನಾನು ಬೇರೆ ಯಾವುದಕ್ಕೋ ಹೋಲಿಸಿ ಮೋಸ ಹೋಗುವವಳಲ್ಲ. ದೇವನಹಳ್ಳಿ ಕಡೆ ನಮ್ಮದೂ ಒಂದು ದ್ರಾಕ್ಷಿ ತೋಟ ಇತ್ತು. ನಮ್ಮಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುತ್ತೇವೆ. ಕೆಳಗೆ ನಿಂತು ಕೆಲಸ ಮಾಡಿ ಮಾಡಿ ಕತ್ತು ಹಿಡಿದುಕೊಳ್ಳುತ್ತದೆ. ಅಲ್ಲಿನವು ಎದೆಯ ಎತ್ತರಕ್ಕೆ ತಂತಿ ಹಿಡಿದುಕೊಂಡು, ಸ್ಕೂಲಿನ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದವು. ನಡುವೆ ಒಬ್ಬ ಮುದುಕ, ತಲೆಗೆ ಉಣ್ಣೆ ಟೋಪಿ, ಗೊಂಚಲಿನ ಮುಂದಿನ ಎಲೆಗಳನ್ನು ಒಂದೊಂದಾಗಿ ಕಿತ್ತು ಬಿಸಿಲಿಗೆ ದಾರಿ ಮಾಡುತ್ತಿದ್ದ. ಬಿಸಿಲು ಅಂದರೆ ಅಲ್ಲಿಯ ಬಿಸಿಲು. ನಮ್ಮ ಬೆಳದಿಂಗಳು ಅದಕ್ಕಿಂತ ಬೆಚ್ಚಗಿರುತ್ತದೆ.

ಅವನೇ ಡರ್ಮಟ್. ಬಸ್ ಡ್ರೈವರಾಗಿ ನಿವೃತ್ತಿಯಾದವನು. ಹುಡುಗನಾಗಿದ್ದಾಗ ಜರ್ಮನಿಯಲ್ಲಿ ದ್ರಾಕ್ಷಿ ಕೊಯ್ಲಿಗೆ ಹೋಗಿದ್ದನಂತೆ, ಆ ಹುಚ್ಚು ಆಗ ಹಿಡಿದದ್ದು. ಮಂಜನನ್ನು ಕರೆದು ಬೇಲಿಯ ಹತ್ತಿರ ನಿಲ್ಲಿಸಿದೆ.

"ಕೇಳು ಮಂಜ, ಏನ್ ಔಷ್ದಿ ಹೊಡೀತಾನೆ ಇದಕ್ಕೆ ಅಂತ."

ಮಂಜ ಕೇಳಿದ. "ಏನೂ ಹೊಡೆಯಲ್ವಂತೆ ಅತ್ತೆ. ಇದು ರೊಂಡೊ ಅಂತ ತಳಿ. ಚಳಿ ದೇಶಕ್ಕೇ ಮಾಡಿರೋದು, ರೋಗ ಕಮ್ಮಿಯಂತೆ."

"ಸುಳ್ಳು."

"ಅತ್ತೆ, ಅವ್ರು ಇಲ್ಲೇ ನಿಂತವ್ರೆ."

"ನಿಂತಿರ್ಲಿ. ಕನ್ನಡ ಬರಲ್ವಲ್ಲ."

ಔಷಧಿ ಹೊಡೆಯದ ದ್ರಾಕ್ಷಿ ಎಂದು ಹೇಳಿ ಮಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾವೇ ಮಾರಿದ್ದೇವೆ. ಮೈಲುತುತ್ತ, ಸುಣ್ಣ, ಅದರ ಮೇಲೆ ಅಂಗಡಿಯವನು ಕೊಟ್ಟದ್ದು, ಕಾಯಿ ದಪ್ಪವಾಗಲಿ ಎಂದು ಗೊಂಚಲನ್ನು ಅದ್ದುವ ಇನ್ನೊಂದು ನೀರು. ಹೊಡೆದು ಹೊಡೆದು ನನ್ನ ಯಜಮಾನರ ಎದೆ ಕೆಟ್ಟಿತು. ಏರ್‌ಪೋರ್ಟ್ ಬಂದ ಮೇಲೆ ತೋಟ ಸೈಟಾಯಿತು. ಬಳ್ಳಿ ಕೀಳಿಸಿದ ದಿನ ನಾನು ಅಳಲಿಲ್ಲ.

ಡರ್ಮಟ್ ಹಣ್ಣನ್ನು ಮಾರುವುದಿಲ್ಲ, ವೈನ್ ಮಾಡುತ್ತಾನೆ. ಕುಡಿಯುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಆ ವಿಷಯ ಈಗ ಬೇಡ. ಅವನು ಮಾಡುವ ರೀತಿ ಹೀಗೆ: ಹಣ್ಣು ಕೊಯ್ದು, ಜಜ್ಜಿ, ಸಿಪ್ಪೆಯ ಸಮೇತ ಡ್ರಮ್ಮಿಗೆ ಹಾಕಿ ಸುಮ್ಮನಿರುವುದು. ಸಕ್ಕರೆ ಇಲ್ಲ, ಹುದುಗುವುದಕ್ಕೆ ಪುಡಿ ಇಲ್ಲ, ಕೆಡದಂತೆ ಔಷಧಿ ಇಲ್ಲ. ಹಣ್ಣಿಗೆ ಏನು ಗೊತ್ತೋ ಅದನ್ನು ಅದೇ ಮಾಡಿಕೊಳ್ಳಲಿ ಎಂಬುದು ಅವನ ಮಾತು.

ಹೊಲ ಅವನದಲ್ಲ. ಅಣ್ಣ ಜಿಮ್‌ನದು. ಜಿಮ್‌ಗೆ ಪಕ್ಕದಲ್ಲೇ ಹಸುಗಳಿವೆ, ಹಾಲಿನ ವ್ಯವಹಾರ. ಮೊದಲ ಫಸಲನ್ನು ಹಕ್ಕಿ ತಿಂದವು. ಎರಡನೆಯದು ಡ್ರಮ್ಮಿನಲ್ಲೇ ವಿನೆಗರ್ ಆಯಿತು. ಈ ಸಲವೂ ಕುಡಿಯುವಂಥದ್ದು ಆಗದಿದ್ದರೆ ಹೊಸ ವರ್ಷಕ್ಕೆ ಬಳ್ಳಿ ಕೀಳಿಸಿ ಹೊಲವನ್ನು ಕರುಗಳಿಗೆ ಬಿಡುತ್ತೇನೆ ಎಂದು ಜಿಮ್ ಹೇಳಿಬಿಟ್ಟಿದ್ದ. ಇದನ್ನು ಡರ್ಮಟ್ ಮಳೆ ಬರಬಹುದು ಎನ್ನುವಂತೆ ಹೇಳಿದ. ಕೈ ಮಾತ್ರ ಒಂದು ಬಳ್ಳಿಯ ಬುಡವನ್ನು ಹಿಡಿದುಕೊಂಡೇ ಇತ್ತು.

ಜಿಮ್ ಹೇಳುವುದೇ ಸರಿ ಎಂದು ನನಗೆ ಅನ್ನಿಸಿತು. ಕರು ಸಾಕಿದರೆ ಹಾಲಾದರೂ ಬರುತ್ತದೆ.

ಕೊಯ್ಲು

ಹಿಂದಿನ ವರ್ಷ ಕೊಯ್ಲಿಗೆ ಅವನ ನೆಂಟರು ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಿಂದ ಕಾರು ತುಂಬಿಕೊಂಡು ಬಂದಿದ್ದರಂತೆ. ಆ ಅಕ್ಟೋಬರ್‌ನಲ್ಲಿ ಜಿಲ್ಲೆ ದಾಟಬಾರದು ಎಂದಾಯಿತು. ಡರ್ಮಟ್ ಬೇಲಿಯ ಹತ್ತಿರ ಬಂದು, ಟೋಪಿ ತೆಗೆದು, ಮಂಜನ ಹತ್ತಿರ ಏನೋ ಗೊಣಗಿದ.

"ನಾಳೆ ಕೈ ಜೋಡಿಸ್ತೀರಾ ಅಂತ ಕೇಳ್ತಾವ್ರೆ. ಕೇಳಕ್ಕೇ ನಾಚ್ಕೆ ಅವ್ರಿಗೆ."

"ನಾಚ್ಕೆ ಯಾಕೆ? ಹಣ್ಣು ಕಾಯ್ಕೊಂಡಿರಲ್ಲ ಅಂತ ಗೊತ್ತಿಲ್ವಾ ನನಗೆ? ಬರ್ತೀವಿ ಅನ್ನು."

ಶೋಭಾ ಮಗುವಿನ ಜೊತೆ ಮನೆಯಲ್ಲಿ ಉಳಿದಳು. ನಾನು ಸ್ವೆಟರ್ ಮೇಲೆ ಸೀರೆ ಸೆರಗು ಬಿಗಿದು, ಮಂಜನ ಹಳೇ ಬೂಟು ಹಾಕಿಕೊಂಡು ಹೋದೆ. ಎಲ್ಲರಿಗೂ ಮಾಸ್ಕ್, ಒಬ್ಬೊಬ್ಬರಿಗೆ ಒಂದೊಂದು ಸಾಲು. ಜಿಮ್ ಸಹ ಬಂದಿದ್ದ. ತಮ್ಮನ ಬಳ್ಳಿ ಕೀಳಿಸುತ್ತೇನೆ ಎಂದವನು ಕೊಯ್ಲಿಗೆ ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಕ್ರೇಟು ಜೋಡಿಸುತ್ತಿದ್ದ. ಇದು ನಮ್ಮ ಕಡೆಯ ಅಣ್ಣತಮ್ಮಂದಿರಲ್ಲೂ ಉಂಟು.

ಹಣ್ಣು ಸಣ್ಣದು, ಕಪ್ಪು, ಬಾಯಿಗೆ ಹಾಕಿದರೆ ಹುಳಿ. ಮೇಲೆ ತೆಳ್ಳಗೆ ಬೂದಿ ಬಳಿದಂತೆ ಬಿಳುಪು. ಕೆಳಗಿನ ಸಾಲುಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಮುಗಿದವು. ಮೇಲಿನ ಎರಡು ಸಾಲು ಇನ್ನೂ ಹಣ್ಣಾಗಿಲ್ಲ, ಮುಂದಿನ ವಾರ ಎಂದು ಡರ್ಮಟ್ ಬಲೆ ಹೊದಿಸಿ ಬಿಟ್ಟ. ಆಮೇಲೆ ಅವನು ಎಲ್ಲರಿಗೂ ಟೀ ಮಾಡಲು ಒಳಗೆ ಹೋದ. ಮಂಜನಿಗೆ ಫೋನ್ ಬಂತು. ನಾನು ಕ್ರೇಟುಗಳ ಮುಂದೆ ನಿಂತೆ.

ಆ ಬಿಳುಪು ನನ್ನ ಕಣ್ಣಿಗೆ ಬಿದ್ದದ್ದು ಔಷಧಿಯಾಗಿ. ಅದರ ಮೇಲೆ ಅಷ್ಟು ಜನರ ಕೈ, ಕೊರೋನಾ ಕಾಲ. ಅಂಗಳದಲ್ಲಿ ಹಸುಗಳಿಗೆ ನೀರಿಡುವ ತೊಟ್ಟಿ ಇತ್ತು, ತೊಳೆದು ಬೋರಲು ಹಾಕಿದ್ದರು. ನಾನು ಮನೆಗೆ ಹೋಗಿ ಉಪ್ಪು, ಅರಿಶಿನದ ಡಬ್ಬಿ ತಂದೆ. ಜಿಮ್ ದೂರದಿಂದ ನೋಡಿದ. ತೊಟ್ಟಿ ತೋರಿಸಿ ಕೈಯಲ್ಲಿ ಉಜ್ಜುವ ಸನ್ನೆ ಮಾಡಿದೆ. ಅವನ ಮುಖ ಅರಳಿತು. ಹಾಲಿನವನಿಗೆ ತೊಳೆಯುವುದೇ ಜೀವನ. ತೊಟ್ಟಿಯನ್ನು ಎತ್ತಿ ನಿಲ್ಲಿಸಿದ, ಪೈಪು ಎಳೆದು ತಂದ. ನಾನು ಅದ್ದಿದೆ, ಅವನು ಪೈಪು ಹಿಡಿದ. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಎಷ್ಟು ಸಲೀಸಾಗಿ ಕೆಲಸ ಸಾಗಿತು ಅಂದರೆ, ಡರ್ಮಟ್ ಟೀ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಹಣ್ಣೆಲ್ಲ ಥಳಥಳ ಹೊಳೆಯುತ್ತಿತ್ತು. ತೊಟ್ಟಿಯ ನೀರು ಹಳದಿಯಾಗಿತ್ತು.

ಅವನು ತಟ್ಟೆಯನ್ನು ಗೋಡೆಯ ಮೇಲಿಟ್ಟ. ಒಂದು ಗೊಂಚಲು ಎತ್ತಿ ಮೂಸಿದ. ಏನೋ ಒಂದೇ ಒಂದು ಮಾತು ಹೇಳಿದ. ಜಿಮ್ ಕೈಯಲ್ಲಿದ್ದ ಪೈಪನ್ನು ಕೆಳಗೆ ಬಿಟ್ಟ.

ಮಂಜ ಫೋನ್ ಮುಗಿಸಿ ಓಡಿ ಬಂದ. "ಏನ್ ಮಾಡ್ಬಿಟ್ರಿ ಅತ್ತೆ? ಹುದುಗು ಬರೋದು ಆ ಬಿಳಿಯಿಂದ್ಲೇ ಅಂತೆ. ಅದ್ರಲ್ಲೇ ಜೀವ ಇರೋದಂತೆ."

"ನನಗೇನ್ ಗೊತ್ತು? ನಮ್ಮಲ್ಲಿ ಅದ್ರಲ್ಲಿ ವಿಷ ಇರೋದು. ತಪ್ಪಾಯ್ತು ಅಂತ ಹೇಳು."

ಹೇಳಿದ. ಡರ್ಮಟ್ ತಲೆಯಾಡಿಸಿ "ಗ್ರ್ಯಾಂಡ್, ಮಿಸ್ಸಸ್, ಗ್ರ್ಯಾಂಡ್" ಎಂದ. ಪರವಾಗಿಲ್ಲ ಅನ್ನುವುದಕ್ಕೆ ಆ ದೇಶದವರು ಮನೆ ಬಿದ್ದರೂ ಗ್ರ್ಯಾಂಡ್ ಅನ್ನುತ್ತಾರೆ. ಅವನು ಟೀ ಕುಡಿಯಲಿಲ್ಲ.

ಕಲ್ಲಿನ ಕೊಟ್ಟಿಗೆ

ತೊಳೆದ ಹಣ್ಣನ್ನು ಎಸೆಯುವಂತಿಲ್ಲ, ಮಾಗಿದ್ದು ಬೇರೆ ಇಲ್ಲ. ನೀರು ಸೋರಲು ಬಿಟ್ಟು, ಜಜ್ಜಿ, ಹಳೇ ಕೊಟ್ಟಿಗೆಯಲ್ಲಿಟ್ಟ ಸ್ಟೀಲ್ ಡ್ರಮ್ಮಿಗೆ ತುಂಬಿದರು. ಕಲ್ಲಿನ ಗೋಡೆ, ಮಣ್ಣಿನ ವಾಸನೆ, ಕಾಲು ಮರಗಟ್ಟುವ ಚಳಿ. ಎರಡು ಮೂರು ದಿನದಲ್ಲಿ ಉಕ್ಕಬೇಕಾಗಿತ್ತಂತೆ. ವಾರವಾದರೂ ಇಟ್ಟಿದ್ದು ಇಟ್ಟಂತೆಯೇ ಇತ್ತು. ತೊಳೆದದ್ದಕ್ಕೋ ಚಳಿಗೋ, ಆ ತೀರ್ಮಾನ ಇವತ್ತಿಗೂ ಆಗಿಲ್ಲ. ಚಳಿಗೇ ಎಂದು ನಾನು ಹೇಳುತ್ತೇನೆ. ಮಂಜ ಒಪ್ಪುವುದಿಲ್ಲ.

ನಾನು ದಿನಾ ಬೆಳಗ್ಗೆ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಡರ್ಮಟ್ ಮುಚ್ಚಳ ತೆಗೆದು ನೋಡುವನು, ಮುಚ್ಚುವನು, ಡ್ರಮ್ಮಿಗೆ ಕಿವಿ ಇಡುವನು. ಒಂದು ದಿನ ಮಂಜನೂ ನನ್ನ ಜೊತೆಗಿದ್ದಾಗ ಜಿಮ್ ಬಂದು ಜೇಬಿನಿಂದ ಸಣ್ಣ ಪೊಟ್ಟಣ ತೆಗೆದು ಕಿಟಕಿಯ ಮೇಲಿಟ್ಟ. ಹುದುಗಿನ ಪುಡಿ. ಇದನ್ನು ಹಾಕು, ಕೆಲಸ ಮುಗಿಯುತ್ತದೆ ಎಂದ. ಡರ್ಮಟ್ ಅದನ್ನು ಮುಟ್ಟಲಿಲ್ಲ.

"ಹಾಕಿದ್ರೆ ಅದು ಈ ಹೊಲದ ವೈನ್ ಅಲ್ಲ, ಪೊಟ್ಟಣದ ವೈನ್ ಅಂತೆ," ಎಂದ ಮಂಜ. "ರೆಡಿಮೇಡ್ ಇಡ್ಲಿ ಮಿಕ್ಸ್ ಥರ ಅತ್ತೆ."

"ಹೊಲ ಹೋಗೋ ಹೊತ್ತಲ್ಲಿ ಇಡ್ಲಿ ಯಾವ್ದಾದ್ರೇನು?"

"ಜಿಮ್ಮೂ ಅದನ್ನೇ ಕೇಳಿದ್ರು. ಪೊಟ್ಟಣ ಹಾಕಿ ಉಳಿಸ್ಕೊಳ್ಳೋದಾದ್ರೆ ಹೊಲ ಕರುಗೇ ಹೋಗ್ಲಿ ಅಂದ್ರು ಡರ್ಮಟ್ಟು."

ಜಿಮ್ ಪೊಟ್ಟಣವನ್ನು ಅಲ್ಲೇ ಬಿಟ್ಟು ಹೊರಟ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ತಲೆ ತಗ್ಗಿಸಿದ. ಪೈಪು ಹಿಡಿದವನು ಅವನೂ ಹೌದಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಾನು ಶೋಭಾಗೆ ಹೇಳಿದೆ. "ಡ್ರಮ್ಮಿಗೆ ಕಿವಿ ಇಟ್ಕೊಂಡು ಕೂತವ್ನೆ ಆ ಮುದ್ಕ. ಅದೂ ಒಂದ್ ಕೆಲ್ಸವಾ?"

ಶೋಭಾಳ ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಕೆಂಪಗಿತ್ತು. "ನಮ್ಮ ವಾರ್ಡಲ್ಲೂ ಹಂಗೇ ಅಮ್ಮ. ಕೊಡೋದೆಲ್ಲ ಕೊಟ್ಟಾಗಿರತ್ತೆ. ಆಮೇಲೆ ಪಕ್ಕದಲ್ಲಿ ಕೂತು ಉಸಿರು ನೋಡೋದೇ. ಅದೇ ಕಷ್ಟದ್ದು."

ನಾನು ಅವಳ ತಟ್ಟೆಗೆ ಸಾರು ಹಾಕಿದೆ. ನಮ್ಮ ತೋಟದಲ್ಲಿ ಏನೂ ಮಾಡದ ದಿನ ಒಂದೂ ಇರಲಿಲ್ಲ. ಸುಮ್ಮನಿರುವುದಕ್ಕೆ ನಮ್ಮಲ್ಲಿ ಸೋಮಾರಿತನ ಎಂಬ ಒಂದೇ ಹೆಸರು. ಡರ್ಮಟ್‌ನದು ಸೋಮಾರಿತನವಲ್ಲ. ಸೋಮಾರಿಯಾಗಿದ್ದರೆ ಇಷ್ಟು ಹೊತ್ತಿಗೆ ಪುಡಿ ಹಾಕಿ ಮನೆಗೆ ಹೋಗಿರುತ್ತಿದ್ದ.

ಹಾಟ್ ಪ್ರೆಸ್

ತಪ್ಪಾಯಿತು ಎಂದು ಬಾಯಲ್ಲಿ ಹೇಳಿದ್ದು ನನಗೇ ಸಾಕಾಗಲಿಲ್ಲ. ಒಂದು ಭಾನುವಾರ ದೋಸೆ ಹಾಕಿ, ಹಾಳೆಯಲ್ಲಿ ಸುತ್ತಿ, ಬೇಲಿಯ ಕಂಬದ ಮೇಲಿಟ್ಟು ಡರ್ಮಟ್‌ನನ್ನು ಕೂಗಿದೆವು. ಅವನು ಎರಡು ಮಾರು ದೂರದಲ್ಲಿ ನಿಂತು ತಿಂದ. ದೋಸೆಯ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದ. ಇದಕ್ಕೆ ಏನು ಪುಡಿ ಹಾಕುತ್ತೀರಿ ಎಂದು ಕೇಳಿದ.

"ಏನೂ ಇಲ್ಲ ಅನ್ನು. ಅಕ್ಕಿ, ಉದ್ದು, ನೀರು."

"ಈ ಚಳೀಲಿ ಹೆಂಗೆ ಉಬ್ತು ಅಂತ ಕೇಳ್ತಾವ್ರೆ ಅತ್ತೆ."

"ಟವಲ್ ಇಡೋ ಬೀರೂಲಿ ಇಟ್ಟಿದ್ದೆ ಅನ್ನು."

ಅಲ್ಲಿನ ಮನೆಗಳಲ್ಲಿ ಬಿಸಿನೀರಿನ ಹಂಡೆಯನ್ನು ಒಂದು ಬೀರುವಿನೊಳಗೆ ಅಡಗಿಸಿಟ್ಟಿರುತ್ತಾರೆ. ಮೇಲಿನ ಹಲಗೆಗಳಲ್ಲಿ ಟವಲು, ಹೊದಿಕೆ ಬೆಚ್ಚಗಿರುತ್ತವೆ. ಹಾಟ್ ಪ್ರೆಸ್ ಎನ್ನುತ್ತಾರೆ. ಮೊದಲ ತಿಂಗಳು ನನ್ನ ಹಿಟ್ಟು ಹುದುಗದೆ, ಒಂದೊಂದು ದೋಸೆಯೂ ಚಪಾತಿಯ ಹಾಗೆ ಬರುತ್ತಿತ್ತು. ಹಾಟ್ ಪ್ರೆಸ್ ತೋರಿಸಿದವಳು ಶೋಭಾ. ವಾಟರ್‌ಫರ್ಡಿನ ಕನ್ನಡದವರ ಮನೆಯಲ್ಲೆಲ್ಲ ಹಿಟ್ಟು ಉಬ್ಬುವುದು ಟವಲುಗಳ ಪಕ್ಕದಲ್ಲೇ.

ಡರ್ಮಟ್ ನಕ್ಕ. ಅವನ ತಾಯಿ ಚಳಿಗಾಲದ ಕೋಳಿಮರಿಗಳನ್ನು ಅಲ್ಲೇ ಇಡುತ್ತಿದ್ದಳಂತೆ. ಇನ್ನೊಂದು ತುಂಡು ಮುರಿದುಕೊಂಡವನು ಬಾಯಿಗೆ ಹಾಕದೆ ನಿಂತ. ತಿರುಗಿ ಮೇಲಿನ ಎರಡು ಸಾಲುಗಳನ್ನು ನೋಡಿದ. ಬಲೆ ಹೊದಿಸಿದ್ದ ಸಾಲುಗಳು, ಯಾರೂ ತೊಳೆಯದವು. ದೋಸೆಯನ್ನು ಕೈಯಲ್ಲೇ ಹಿಡಿದುಕೊಂಡು ಅತ್ತ ನಡೆದ. ಥ್ಯಾಂಕ್ಸ್ ಸಹ ಹೇಳಲಿಲ್ಲ. ಆ ದೇಶದಲ್ಲಿ ಬಸ್ಸಿನಿಂದ ಇಳಿಯುವಾಗಲೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ, ಡ್ರೈವರಾಗಿದ್ದವನೇ ಮರೆತ.

ಆಮೇಲೆ ಅವನು ಮಾಡಿದ್ದನ್ನು ಮಂಜ ತಿಳಿದುಕೊಂಡು ಹೇಳಿದ. ಮೇಲಿನ ಸಾಲಿನಿಂದ ಒಂದು ಬಕೆಟ್ ಹಣ್ಣು ಕೊಯ್ದು, ಜಜ್ಜಿ, ತನ್ನ ಮನೆಯ ಹಾಟ್ ಪ್ರೆಸ್‌ನಿಂದ ಹೊದಿಕೆಗಳನ್ನೆಲ್ಲ ಈಚೆ ಎಸೆದು ಅದರೊಳಗಿಟ್ಟ. ಹಿಂದೆ ಜರ್ಮನಿಯಲ್ಲೂ ಹೀಗೆ ಮೊದಲು ಒಂದಿಷ್ಟನ್ನು ಹುದುಗಿಸಿ ದೊಡ್ಡದಕ್ಕೆ ಸುರಿಯುತ್ತಿದ್ದರಂತೆ. ಅಲ್ಲಿ ಬೆಚ್ಚನೆ ಜಾಗ ಹುಡುಕಬೇಕಾಗಿರಲಿಲ್ಲ, ಇಲ್ಲಿ ಅದು ಬೇಕೆಂದು ಅವನಿಗೆ ಹೊಳೆದಿರಲಿಲ್ಲ. ನಾಲ್ಕೈದು ದಿನದಲ್ಲಿ ಬಕೆಟ್ಟು ನೊರೆಯೆದ್ದು, ಬೀರುವಿನಿಂದ ಅವನ ಮೆಟ್ಟಿಲ ತನಕ ಕೆಂಪಗೆ ಹರಿಯಿತು. ಉಳಿದದ್ದನ್ನು ಡ್ರಮ್ಮಿಗೆ ಸುರಿದು, ಎಸೆದಿದ್ದ ಹೊದಿಕೆಗಳನ್ನೇ ಡ್ರಮ್ಮಿಗೆ ಸುತ್ತಿದ.

ಎರಡು ದಿನ ಕಳೆದು ಬೆಳಗ್ಗೆ ಬೇಲಿಯ ಹತ್ತಿರ ಬಂದು ನನ್ನನ್ನು ಕೈಬೀಸಿ ಕರೆದ. ಕೊಟ್ಟಿಗೆಯಲ್ಲಿ ನಿಂತು ಕೇಳಿದೆ. ದೂರದಲ್ಲಿ ಸಣ್ಣ ಮಳೆ ಹಿಡಿದಂಥ ಸದ್ದು, ಡ್ರಮ್ಮಿನ ಒಳಗಿಂದ. ಅವನ ಕಣ್ಣಲ್ಲಿ ನೀರಿತ್ತು. ಹೊಗೆಗಿರಬೇಕು ಎಂದು ಹೇಳೋಣವೆಂದರೆ ಅಲ್ಲಿ ಹೊಗೆ ಇರಲಿಲ್ಲ.

ಜನವರಿ

ಹೊಸ ವರ್ಷ ಬಂತು. ಮನೆಯಿಂದ ಹೊರಗೆ ಬರಬೇಡಿ ಎಂದು ಮತ್ತೆ ಬಿಗಿ ಮಾಡಿದರು. ಶೋಭಾ ರಜೆಯಿಲ್ಲದೆ ದುಡಿದು ಬಂದು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಬೇಲಿಯ ಆಚೆ ಬಳ್ಳಿಗಳು ಎಲೆ ಉದುರಿಸಿ, ಉದ್ದುದ್ದ ಕಡ್ಡಿಗಳನ್ನು ಹಾಗೇ ಬಿಟ್ಟುಕೊಂಡು ನಿಂತಿದ್ದವು. ನನಗೆ ನೋಡಲಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ ಸವರಬೇಕು. ಗಿಣ್ಣಿನಲ್ಲಿ ಮೊಗ್ಗಿನಂತಿರುವ ಕಣ್ಣು ಎಷ್ಟು ಉಳಿಸುತ್ತೀಯೋ ಅಷ್ಟು ಚಿಗುರು, ಅಷ್ಟು ಗೊಂಚಲು. ಸವರದಿದ್ದರೆ ಬಳ್ಳಿ ಕಾಡಾಗುತ್ತದೆ.

"ಇನ್ನೂ ಯಾಕೆ ಕತ್ರಿಸಿಲ್ಲ ಕೇಳು ಅವ್ನನ್ನ."

ಮಂಜ ಕೇಳಿ ಬಂದ. "ಇಟ್ಕೊಳ್ಳೋ ಬಳ್ಳಿಗೆ ತಾನೇ ಕತ್ರಿ? ಹೊಲ ಅಣ್ಣಂದು, ಅವ್ನು ಹೇಳ್ಲಿ ಅಂದ್ರು."

ಒಂದು ಮಂಜಿನ ಬೆಳಗ್ಗೆ ಜಿಮ್ ಬಂದ. ನಾನೂ ಮಂಜನೂ ಬೇಲಿಯ ಈಚೆಯೇ ನಿಂತೆವು. ಡರ್ಮಟ್ ಕೊಟ್ಟಿಗೆಯಿಂದ ಒಂದು ಜಾಮ್ ಬಾಟಲಿಯಲ್ಲಿ ವೈನ್ ತಂದು ಗೋಡೆಯ ಮೇಲಿಟ್ಟು ಹಿಂದೆ ಸರಿದ. ಜಿಮ್ ಮುಂದೆ ಬಂದು ಅದನ್ನು ಎತ್ತಿಕೊಂಡ. ಮಂಜಿನಲ್ಲಿ ಅದರ ಕೆಂಪು ಒಂದೇ ಬಣ್ಣ. ಮಾಸ್ಕ್ ಇಳಿಸಿ ಮೂಸಿದ, ಕುಡಿದ, ಬಾಯಲ್ಲೇ ಇಟ್ಟುಕೊಂಡು ಹೊಲ ನೋಡುತ್ತ ನಿಂತ. ಡರ್ಮಟ್ ನೆಲ ನೋಡುತ್ತಿದ್ದ. ಅಣ್ಣ ನುಂಗಿದ ಮೇಲೂ ತಲೆ ಎತ್ತಲಿಲ್ಲ.

ಮಂಜ ನನ್ನ ಕಿವಿಯಲ್ಲಿ ಹೇಳುತ್ತ ಹೋದ. "ಹುಳಿ ಅಂದ್ರು."

"ಡರ್ಮಟ್ ಏನಂದ?"

"ಹೌದು ಅಂದ್ರು."

"ಆಮೇಲೆ?"

"ವಿನೆಗರ್ ಅಲ್ಲ ಅಂದ್ರು ಜಿಮ್ಮು."

"ಅದಕ್ಕೆ?"

"ಅಲ್ಲ ಅಂದ್ರು ಡರ್ಮಟ್ಟು. ಅತ್ತೆ, ತಾಳಿ, ನಂಗೂ ಕೇಳಿಸ್ಬೇಕಲ್ಲ."

ಜಿಮ್ ಇನ್ನೊಂದು ಗುಟುಕು ಕುಡಿದ. ಅರಿಶಿನದ ವಾಸನೆ ಇದೆಯಾ ಎಂದು ನಾನು ಕೇಳಿಸಬೇಕೆಂದಿದ್ದೆ, ಅಷ್ಟರಲ್ಲಿ ಅವನು ಬಾಟಲಿಯನ್ನು ಗೋಡೆಯ ಮೇಲಿಟ್ಟು ಬಳ್ಳಿಗಳ ಕಡೆ ನಡೆದ. ಡರ್ಮಟ್ ನಾಲ್ಕು ಹೆಜ್ಜೆ ಹಿಂದೆ. ಇಬ್ಬರೂ ಮೊದಲ ಸಾಲಿನ ಮುಂದೆ ನಿಂತರು. ಜಿಮ್ ಒಂದು ಕಡ್ಡಿಯನ್ನು ಹಿಡಿದು ಬಗ್ಗಿಸಿ ನೋಡಿದ. ಕೀಳುವವನು ಬುಡ ನೋಡುತ್ತಾನೆ, ತುದಿ ನೋಡುವುದಿಲ್ಲ. ನಾನು ಮಂಜನ ತೋಳು ಹಿಡಿದೆ.

ಜಿಮ್ ತಿರುಗದೆಯೇ ಹಿಂದಕ್ಕೆ ಕೈ ಚಾಚಿದ. ಡರ್ಮಟ್‌ಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೋಟಿನ ಜೇಬು ತಡಕಾಡಿ ಕತ್ತರಿ ತೆಗೆದು ಅಣ್ಣನ ಕೈಯಲ್ಲಿಟ್ಟ. ಎರಡು ಮೀಟರ್ ದೂರ ಇರಬೇಕೆಂಬುದನ್ನು ಆಗ ಇಬ್ಬರೂ ಮರೆತಿದ್ದರು. ಜಿಮ್ ಕತ್ತರಿಯನ್ನು ಕಡ್ಡಿಗೆ ಇಟ್ಟು ಏನೋ ಕೇಳಿದ.

"ಏನಂತೆ?"

"ಎಷ್ಟು ಕಣ್ಣು ಬಿಡ್ಬೇಕು ಅಂತ."

ಡರ್ಮಟ್ ಎರಡು ಬೆರಳು ಎತ್ತಿ ತೋರಿಸಿದ. ಜಿಮ್ ಎರಡು ಕಣ್ಣು ಬಿಟ್ಟು ಕತ್ತರಿಸಿದ, ಕಡ್ಡಿ ಮಂಜಿನ ಹುಲ್ಲಿಗೆ ಬಿತ್ತು, ಮುಂದಿನ ಬಳ್ಳಿಗೆ ಸರಿದ.

ಮೂರು ಬಿಡಬೇಕಿತ್ತು ಎಂದು ನನಗೆ ಅನ್ನಿಸಿತು. ಬಾಯಿ ತೆರೆಯಲಿಲ್ಲ.